ನೂರು ರೂಪಾಯಿಯ ಹಿಂದಿನ ಲೆಕ್ಕ: ಎಸ್‌ಡಿಎಂಸಿ ಹಣ ಕೂಡಿಸುವ, ಊರಿಗೆ ವರದಿ ಒಪ್ಪಿಸುವ ಬಗೆ

2022ರ ಅಕ್ಟೋಬರ್ ತಿಂಗಳಲ್ಲಿ ಕರ್ನಾಟಕದ ಸಾರ್ವಜನಿಕ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಸರ್ಕಾರಿ ಶಾಲೆಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಲ್ಲರ ಬಾಯಲ್ಲಿ ಎಸ್‌ಡಿಎಂಸಿ ಆಗಿರುವ ಸಮಿತಿ, ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂಬುದು ಅದರ ತಿರುಳು. ಕೊಡುವುದು ಅವರವರ ಇಚ್ಛೆಗೆ ಬಿಟ್ಟದ್ದು, ಯಾರನ್ನೂ ಒತ್ತಾಯಿಸಕೂಡದು ಎಂಬ ಮಾತೂ ಅದರಲ್ಲಿತ್ತು. ಆದರೂ ಸುತ್ತೋಲೆ ಹೊರಬಿದ್ದ ಕೆಲವೇ ದಿನಗಳಲ್ಲಿ ವಿರೋಧ ಜೋರಾಗಿ, ಸರ್ಕಾರ ಅದನ್ನು ಹಿಂಪಡೆಯಿತು. ಸುದ್ದಿ ಅಲ್ಲಿಗೆ ಮುಗಿಯಿತು. ಆದರೆ ಆ ಸುತ್ತೋಲೆ ಹುಟ್ಟಲು ಕಾರಣವಾದ ಕೊರತೆ ಹಾಗೆಯೇ ಉಳಿಯಿತು, ಅದನ್ನು ವಿರೋಧಿಸಿದವರ ಅನುಮಾನವೂ ಹಾಗೆಯೇ ಉಳಿಯಿತು. ಶಾಲೆಗೆ ಹಣ ಸಾಲುತ್ತಿಲ್ಲ ಎನ್ನುವವರ ಮಾತೂ ನಿಜ, ಕೊಟ್ಟ ಹಣ ಎಲ್ಲಿಗೆ ಹೋಗುತ್ತದೋ ಗೊತ್ತಾಗುವುದಿಲ್ಲ ಎನ್ನುವವರ ಮಾತೂ ನಿಜ. ಈ ಎರಡು ಮಾತುಗಳ ನಡುವೆ ನಿಂತು ಕೆಲಸ ಮಾಡಬೇಕಾದದ್ದು ಪೋಷಕರ ಸಮಿತಿ. ಒಂದು ಹಿರಿಯ ಪ್ರಾಥಮಿಕ ಶಾಲೆಯ ಸಮಿತಿಯಲ್ಲಿ ಒಂದು ಅವಧಿಗೆ ಸದಸ್ಯನಾಗಿದ್ದ ನನಗೆ ಕಂಡದ್ದೇನೆಂದರೆ, ನಾವು ಹಣ ಕೂಡಿಸುವುದನ್ನು ಒಂದು ಕೆಲಸವೆಂದೂ ಶಾಲೆಯ ಸಮಾಚಾರ ತಿಳಿಸುವುದನ್ನು ಬಿಡುವಿದ್ದಾಗ ಮಾಡುವ ಇನ್ನೊಂದು ಕೆಲಸವೆಂದೂ ಬೇರೆ ಬೇರೆ ಇಟ್ಟಿದ್ದೇವೆ. ಬಹುಪಾಲು ಜಗಳಗಳ ಮೂಲ ಅಲ್ಲಿದೆ.

ಮೊದಲು ಕೊರತೆಯ ಗಾತ್ರವನ್ನು ನೋಡೋಣ. ಸಮಗ್ರ ಶಿಕ್ಷಣ ಯೋಜನೆಯಡಿ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಶಾಲಾ ಅನುದಾನ ಬರುತ್ತದೆ. ಅದರ ಮೊತ್ತ ನಿರ್ಧಾರವಾಗುವುದು ದಾಖಲಾತಿಯ ಮೇಲೆ. ಯೋಜನೆಯ ಮಾನದಂಡದ ಪ್ರಕಾರ 30 ಮಕ್ಕಳವರೆಗಿನ ಶಾಲೆಗೆ 10,000 ರೂಪಾಯಿ, 100 ಮಕ್ಕಳವರೆಗೆ 25,000, 250ರವರೆಗೆ 50,000, 1000ದವರೆಗೆ 75,000, ಅದಕ್ಕಿಂತ ಹೆಚ್ಚಿದ್ದರೆ ಒಂದು ಲಕ್ಷ. ಇದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೆ ಖರ್ಚಾಗಬೇಕು. 90 ಮಕ್ಕಳಿರುವ ಒಂದು ಶಾಲೆಯನ್ನು ಊಹಿಸಿಕೊಳ್ಳಿ. ಅದಕ್ಕೆ ಸಿಗುವುದು 25,000. ಸ್ವಚ್ಛತೆಯ 2,500 ತೆಗೆದರೆ ಉಳಿಯುವುದು 22,500; ಹತ್ತು ತಿಂಗಳ ಶಾಲೆಗೆ ಹಂಚಿದರೆ ತಿಂಗಳಿಗೆ 2,250 ರೂಪಾಯಿ. ಸೀಮೆಸುಣ್ಣ, ಹಾಜರಿ ಪುಸ್ತಕ, ಸುಟ್ಟುಹೋದ ಬಲ್ಬು, ಸೋರುವ ನಲ್ಲಿ, ಕೈಕೊಟ್ಟ ನೀರಿನ ಮೋಟರು, ಮುರಿದ ಬಾಗಿಲ ಚಿಲಕ ಎಲ್ಲವೂ ಇದರಲ್ಲೇ ಆಗಬೇಕು. ಮೋಟರು ಒಮ್ಮೆ ಸುಟ್ಟು ರಿವೈಂಡಿಂಗ್‌ಗೆ ಹೋಯಿತೆಂದರೆ ಆ ತಿಂಗಳ ಲೆಕ್ಕ ಮುಗಿದಂತೆ.

ಈ ಮಾನದಂಡದಲ್ಲಿ ಇನ್ನೊಂದು ವಿಚಿತ್ರವಿದೆ. 100 ಮಕ್ಕಳ ಶಾಲೆಗೆ ತಲಾ 250 ರೂಪಾಯಿ ಬಿದ್ದರೆ, 101 ಮಕ್ಕಳ ಶಾಲೆಗೆ ತಲಾ 495 ಬೀಳುತ್ತದೆ. ಮೇ ಕೊನೆಯಲ್ಲಿ ದಾಖಲಾತಿ ಆಂದೋಲನ ಎಂದು ಶಿಕ್ಷಕರು ಮನೆಮನೆ ಸುತ್ತುವಾಗ ಒಂದು ಮಗುವಿನ ಬೆಲೆ ಎಷ್ಟೆಂಬುದು ಮುಖ್ಯ ಶಿಕ್ಷಕರಿಗೆ ಚೆನ್ನಾಗಿ ಗೊತ್ತಿರುತ್ತದೆ. 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಮತ್ತು ನೀರು ಕೊಡುವ ಘೋಷಣೆ ಆಗುವವರೆಗೆ ಕರೆಂಟು ಬಿಲ್ಲೂ ಇದೇ ಗಂಟಿನ ಮೇಲೆ ಕಣ್ಣಿಟ್ಟಿತ್ತು.

ಈಗ ನೂರು ರೂಪಾಯಿಯ ಸುತ್ತೋಲೆಗೆ ಬನ್ನಿ. ಅದೇ 90 ಮಕ್ಕಳಿಂದ ಹತ್ತು ತಿಂಗಳು ತಲಾ ನೂರರಂತೆ ಬಂದರೆ 90,000 ರೂಪಾಯಿ, ಅಂದರೆ ಸರ್ಕಾರದ ಅನುದಾನದ ಮೂರೂವರೆ ಪಟ್ಟಿಗೂ ಹೆಚ್ಚು. ಮುಖ್ಯ ಶಿಕ್ಷಕರ ಕುರ್ಚಿಯಲ್ಲಿ ಕುಳಿತು ನೋಡಿದರೆ ಇದು ವರದಾನ. ಕೂಲಿಗೆ ಹೋಗುವ, ಮೂರು ಮಕ್ಕಳು ಅದೇ ಶಾಲೆಯಲ್ಲಿರುವ ತಾಯಿಯ ಅಂಗಳದಲ್ಲಿ ನಿಂತು ನೋಡಿದರೆ ವರ್ಷಕ್ಕೆ 3,000 ರೂಪಾಯಿ. ‘ಇಚ್ಛೆ ಇದ್ದರೆ ಕೊಡಿ’ ಎಂಬ ಮಾತು ಇಲಾಖೆಯ ಕಾಗದದಲ್ಲಿ ಇರುವಷ್ಟು ಹಗುರವಾಗಿ ತರಗತಿಯ ಬಾಗಿಲಲ್ಲಿ ಇರುವುದಿಲ್ಲ. ಕೊಟ್ಟವರ ಹೆಸರನ್ನು ಓದಿದರೆ ಸಾಕು, ಕೊಡದವರ ಹೆಸರು ತಾನಾಗಿಯೇ ತಿಳಿಯುತ್ತದೆ.

ಈ ಸಮಿತಿ ಬಂದದ್ದು ಎಲ್ಲಿಂದ? ಊರಿನ ನಾಲ್ಕು ಮುಖಂಡರು ಕೂಡಿ ಶಾಲೆಯ ಮಾಡು, ಗೋಡೆ ನೋಡಿಕೊಳ್ಳುತ್ತಿದ್ದ ಶಾಲಾ ಬೆಟರ್‌ಮೆಂಟ್ ಕಮಿಟಿಗಳು ನಮ್ಮಲ್ಲಿ ಹಳೆಯವು. ಡಾ. ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಬೆನ್ನಿಗೆ 2001ರ ಏಪ್ರಿಲ್ 28ರಂದು ಹೊರಟ ಸರ್ಕಾರಿ ಆದೇಶ ಆ ವ್ಯವಸ್ಥೆಯನ್ನು ಬದಲಿಸಿ ಎಸ್‌ಡಿಎಂಸಿಯನ್ನು ತಂದಿತು. ಬದಲಾವಣೆಯ ಸಾರ ಒಂದೇ ಸಾಲಿನದು: ಸಮಿತಿಯ ಸದಸ್ಯರಾಗಬೇಕಾದವರು ಆ ಶಾಲೆಯಲ್ಲಿ ಓದುವ ಮಕ್ಕಳ ಅಪ್ಪ ಅಮ್ಮಂದಿರು, ಊರಿನ ದೊಡ್ಡವರಲ್ಲ. ಮಕ್ಕಳನ್ನು ಪಟ್ಟಣದ ಕಾನ್ವೆಂಟಿಗೆ ಕಳಿಸಿ ಊರಿನ ಸರ್ಕಾರಿ ಶಾಲೆಯ ಅಧ್ಯಕ್ಷಗಿರಿ ಮಾಡುವ ಪರಿಪಾಠಕ್ಕೆ ಕನಿಷ್ಠ ಕಾಗದದ ಮೇಲಾದರೂ ತೆರೆ ಬಿತ್ತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಇದಕ್ಕೆ ದೇಶದಾದ್ಯಂತ ಕಾನೂನಿನ ಬಲ ಕೊಟ್ಟಿತು. ಅದರ 21ನೇ ಸೆಕ್ಷನ್ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಸಮಿತಿಯಲ್ಲಿ ಮುಕ್ಕಾಲು ಪಾಲಿಗೆ ಕಡಿಮೆಯಾಗದಂತೆ ಪೋಷಕರು ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ ಸಿಗಬೇಕು. ಕರ್ನಾಟಕದಲ್ಲಿ ಶಾಲೆಯ ಎಲ್ಲ ಪೋಷಕರೂ ಸೇರಿ ಪೋಷಕರ ಪರಿಷತ್ತು. ಆ ಪರಿಷತ್ತು ತನ್ನೊಳಗಿಂದ 18 ಜನರನ್ನು ಆರಿಸುತ್ತದೆ, ಅವರಲ್ಲೊಬ್ಬರು ಅಧ್ಯಕ್ಷರಾಗುತ್ತಾರೆ, ಮುಖ್ಯ ಶಿಕ್ಷಕರು ಸದಸ್ಯ ಕಾರ್ಯದರ್ಶಿ. ಅನುದಾನ ಪಡೆಯದ ಖಾಸಗಿ ಶಾಲೆಗಳಿಗೆ ಈ ಸೆಕ್ಷನ್ ಅನ್ವಯಿಸುವುದಿಲ್ಲ. ಅಲ್ಲಿನ ಪೋಷಕ ಶಿಕ್ಷಕ ಸಂಘಗಳ ಕತೆ ಬೇರೆಯೇ ಇದೆ, ಇಲ್ಲಿ ಅದನ್ನು ಕೆದಕುವುದಿಲ್ಲ.

ಕಾಯ್ದೆ ಸಮಿತಿಗೆ ಹೇಳಿರುವ ಕೆಲಸಗಳನ್ನು ಗಮನಿಸಿ ಓದಬೇಕು. ಶಾಲೆಯ ಕೆಲಸಕಾರ್ಯದ ಮೇಲೆ ನಿಗಾ ಇಡುವುದು, ಶಾಲಾಭಿವೃದ್ಧಿ ಯೋಜನೆ ತಯಾರಿಸಿ ಶಿಫಾರಸು ಮಾಡುವುದು, ಸರ್ಕಾರದಿಂದಾಗಲಿ ಸ್ಥಳೀಯ ಸಂಸ್ಥೆಯಿಂದಾಗಲಿ ‘ಬೇರೆ ಯಾವುದೇ ಮೂಲದಿಂದಾಗಲಿ’ ಬಂದ ಹಣ ಹೇಗೆ ಬಳಕೆಯಾಯಿತೆಂದು ನೋಡುವುದು. ಹಣ ಕೂಡಿಸಿ ತರುವುದು ಸಮಿತಿಯ ಕರ್ತವ್ಯ ಎಂದು ಅಲ್ಲಿ ಎಲ್ಲಿಯೂ ಇಲ್ಲ. ಬಂದ ಹಣದ ಮೇಲೆ ಕಣ್ಣಿಡುವುದು ಕರ್ತವ್ಯ ಎಂದಿದೆ. ಕೇಂದ್ರದ 2010ರ ಮಾದರಿ ನಿಯಮಗಳು ಇನ್ನೂ ಬಿಡಿಸಿ ಹೇಳುತ್ತವೆ: ಸಮಿತಿ ತಿಂಗಳಿಗೆ ಒಮ್ಮೆಯಾದರೂ ಸಭೆ ಸೇರಬೇಕು, ನಡಾವಳಿ ಮತ್ತು ತೀರ್ಮಾನಗಳನ್ನು ಸರಿಯಾಗಿ ಬರೆದಿಟ್ಟು ಸಾರ್ವಜನಿಕರಿಗೆ ಸಿಗುವಂತೆ ಮಾಡಬೇಕು, ಸಮಿತಿಗೆ ಬಂದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಪ್ರತಿವರ್ಷ ಲೆಕ್ಕಪರಿಶೋಧನೆಗೆ ಒಡ್ಡಬೇಕು. ಊರಿಗೆ ವರದಿ ಒಪ್ಪಿಸುವುದು ಅಧ್ಯಕ್ಷರ ಔದಾರ್ಯಕ್ಕೆ ಬಿಟ್ಟ ಸಂಗತಿಯಲ್ಲ ಎಂಬುದು ಇದರಿಂದ ಸ್ಪಷ್ಟ.

ಹಣ ಕೇಳುವ ವಿಷಯದಲ್ಲಿ ಅದೇ ಕಾಯ್ದೆಯ ಇನ್ನೆರಡು ಸೆಕ್ಷನ್‌ಗಳು ಗೆರೆ ಎಳೆದಿವೆ. ಎಂಟನೇ ತರಗತಿ ಮುಗಿಸುವುದಕ್ಕೆ ಅಡ್ಡಿಯಾಗುವಂತಹ ಯಾವ ಶುಲ್ಕವನ್ನಾಗಲಿ ವೆಚ್ಚವನ್ನಾಗಲಿ ಮಗು ಭರಿಸಬೇಕಾಗಿಲ್ಲ ಎನ್ನುತ್ತದೆ 3ನೇ ಸೆಕ್ಷನ್. ದಾಖಲಾತಿಯ ವೇಳೆ ಕ್ಯಾಪಿಟೇಶನ್ ಶುಲ್ಕ ಪಡೆಯಬಾರದೆನ್ನುವುದು 13ನೆಯದು. ಕ್ಯಾಪಿಟೇಶನ್ ಎಂದರೆ ವೈದ್ಯಕೀಯ ಕಾಲೇಜಿನ ಲಕ್ಷಗಳ ವ್ಯವಹಾರ ಎಂದುಕೊಂಡವರೇ ಹೆಚ್ಚು. ಆದರೆ ಈ ಕಾಯ್ದೆಯ ವ್ಯಾಖ್ಯೆಯಲ್ಲಿ ಅದು ಶಾಲೆ ಪ್ರಕಟಿಸಿದ ಶುಲ್ಕವನ್ನು ಬಿಟ್ಟು ಪಡೆಯುವ ಯಾವುದೇ ದೇಣಿಗೆ, ವಂತಿಗೆ, ಪಾವತಿ. ತಪ್ಪಿದರೆ ಪಡೆದ ಮೊತ್ತದ ಹತ್ತು ಪಟ್ಟಿನವರೆಗೆ ದಂಡ. ಆದುದರಿಂದ ಜೂನ್‌ನಲ್ಲಿ ಮಗುವನ್ನು ಸೇರಿಸಲು ಬಂದ ತಂದೆಯ ಮುಂದೆ ‘ಶಾಲಾಭಿವೃದ್ಧಿಗೆ ಐನೂರು’ ಎಂದು ರಸೀದಿ ಪುಸ್ತಕ ತೆರೆಯುವುದು, ಟಿಸಿ ಕೇಳಲು ಬಂದವರ ಮುಂದೆ ಅದನ್ನೇ ಮಾಡುವುದು, ಎಷ್ಟೇ ಒಳ್ಳೆಯ ಉದ್ದೇಶದ್ದಾಗಿದ್ದರೂ ಸಮಿತಿ ಮಾಡಬಾರದ ಕೆಲಸ. ದಾಖಲಾತಿ, ಟಿಸಿ, ಪ್ರಗತಿಪತ್ರ, ಸಮವಸ್ತ್ರ ವಿತರಣೆ, ಈ ನಾಲ್ಕು ಸಂದರ್ಭಗಳಲ್ಲಿ ದುಡ್ಡಿನ ಮಾತು ಎತ್ತಕೂಡದು ಎಂದು ನಮ್ಮ ಸಮಿತಿ ಮೊದಲ ವರ್ಷವೇ ಠರಾವು ಮಾಡಿತ್ತು. ಕಾಯ್ದೆ ಓದಿ ಮಾಡಿದ ಠರಾವು ಅದಲ್ಲ. ಒಬ್ಬ ಅಜ್ಜಿ ಮೊಮ್ಮಗನ ಟಿಸಿಗಾಗಿ ಎರಡು ಸಲ ಬಸ್ ಚಾರ್ಜು ಕೊಟ್ಟು ಅಲೆದದ್ದು ಸಭೆಯಲ್ಲಿ ಪ್ರಸ್ತಾಪವಾಗಿ, ತಲೆ ತಗ್ಗಿಸಿ ಮಾಡಿದ್ದು.

ಹಾಗಾದರೆ ಹಣ ಬರುವುದೆಲ್ಲಿಂದ? ಅನುಭವದ ಮಾತು ಹೇಳುವುದಾದರೆ, ಪೋಷಕರ ಜೇಬು ಇದರಲ್ಲಿ ಕೊನೆಯ ಮೂಲವಾಗಬೇಕು. ಮೊದಲಿನದು ಹಳೆ ವಿದ್ಯಾರ್ಥಿಗಳು ಮತ್ತು ಊರಿನಿಂದ ಹೊರಗೆ ದುಡಿಯುತ್ತಿರುವವರು. ನೂರು ವರ್ಷ ದಾಟಿದ ಶಾಲೆಗಳು ಕರ್ನಾಟಕದ ಹಳ್ಳಿಗಳಲ್ಲಿ ಬೇಕಾದಷ್ಟಿವೆ. ಶತಮಾನೋತ್ಸವ ಬಂತೆಂದರೆ ಬೆಂಗಳೂರು, ಮುಂಬಯಿ, ದುಬೈಗಳಿಂದ ಹಣ ಹರಿದುಬರುತ್ತದೆ. ಬಂದದ್ದರಲ್ಲಿ ಶಾಮಿಯಾನ, ಮೈಕು, ಊಟ, ಸ್ಮರಣ ಸಂಚಿಕೆ, ಶಾಲು ಹಾರಗಳಿಗೆ ಹೋದದ್ದೆಷ್ಟು, ಶೌಚಾಲಯಕ್ಕೆ ಉಳಿದದ್ದೆಷ್ಟು ಎಂದು ಕೇಳುವವರು ಕಡಿಮೆ. ಶತಮಾನೋತ್ಸವ ಸಮಿತಿ ಬೇರೆ, ಎಸ್‌ಡಿಎಂಸಿ ಬೇರೆ ಆಗಿ, ಎರಡರ ಖಾತೆಯೂ ಬೇರೆಯಾಗಿ, ಕೊನೆಗೆ ಲೆಕ್ಕ ಯಾರ ಮುಂದೂ ಬಾರದೆ ಉಳಿದ ಉದಾಹರಣೆಗಳನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಸಂಭ್ರಮ ಬೇಡವೆಂದು ನಾನು ಹೇಳುತ್ತಿಲ್ಲ. ಸಂಭ್ರಮದ ದುಡ್ಡು ಮತ್ತು ಶಾಲೆಯ ದುಡ್ಡು ಎಂದು ಮೊದಲ ಕರಪತ್ರದಲ್ಲೇ ಎರಡು ಪಾಲು ಮಾಡಿ ಮುದ್ರಿಸಿದರೆ ಕೊಡುವವನಿಗೆ ತಾನು ಕೊಡುತ್ತಿರುವುದು ಯಾವುದಕ್ಕೆಂದು ಗೊತ್ತಾಗುತ್ತದೆ.

ದಾನಿಗಳ ಮನಸ್ಸಿನ ಬಗ್ಗೆ ಒಂದು ಮಾತು. ಹೆಸರು ಬರೆಸಲು ಜಾಗವಿರುವ ವಸ್ತುವಿಗೆ ದಾನಿ ಸಿಗುತ್ತಾನೆ, ಫಿನಾಯಿಲಿಗೆ ಸಿಗುವುದಿಲ್ಲ. ನಮ್ಮ ಶಾಲೆಯ ಸ್ಟೀಲ್ ಬೀರುವಿನ ಬಾಗಿಲ ಮೇಲೆ, ಬಿಸಿಯೂಟದ ತಟ್ಟೆಗಳ ಅಂಚಿನ ಮೇಲೆ, ಕುಡಿಯುವ ನೀರಿನ ಟ್ಯಾಂಕಿನ ಮೇಲೆ ದಾನಿಗಳ ಹೆಸರುಗಳಿವೆ. ಒಂದು ಫ್ಯಾನಿನ ಮೂರು ರೆಕ್ಕೆಗಳ ಮೇಲೂ ಒಬ್ಬರ ಹೆಸರನ್ನು ಕೆಂಪು ಬಣ್ಣದಲ್ಲಿ ಬರೆಸಲಾಗಿತ್ತು. ಫ್ಯಾನು ತಿರುಗುವಾಗ ಅದನ್ನು ಯಾರೂ ಓದಲಾರರು, ಕರೆಂಟು ಹೋದಾಗ ಸೆಕೆಯಲ್ಲಿ ಕುಳಿತ ಮಕ್ಕಳೆಲ್ಲ ಓದುತ್ತಾರೆ. ಇದನ್ನು ಹಾಸ್ಯ ಮಾಡಿ ಬಿಡುವ ಬದಲು ಸಮಿತಿ ಇದರಿಂದ ಲಾಭ ಪಡೆಯಬೇಕು. ಸರ್ಕಾರದ ಅನುದಾನವನ್ನು ಯಾರೂ ಕೊಡದ ಖರ್ಚಿಗೆ, ಅಂದರೆ ರಿಪೇರಿ, ಪೊರಕೆ, ಫಿನಾಯಿಲು, ಸೀಮೆಸುಣ್ಣಗಳಿಗೆ ಕಾದಿರಿಸಿ, ಕಣ್ಣಿಗೆ ಕಾಣುವ ವಸ್ತುಗಳ ಪಟ್ಟಿಯನ್ನು ಬೆಲೆಸಹಿತ ದಾನಿಗಳ ಮುಂದಿಡುವುದು ಜಾಣತನ. ಹಸಿರು ಹಲಗೆ ಎರಡು, ಗ್ರಂಥಾಲಯದ ಕಪಾಟು ಒಂದು, ಒಂದನೇ ತರಗತಿಗೆ ಗಿಡ್ಡ ಮೇಜುಗಳು ಆರು ಎಂದು ಪಟ್ಟಿ ಇದ್ದರೆ, ಬಂದವರು ಮತ್ತೊಂದು ಗೋಡೆ ಗಡಿಯಾರ ಕೊಟ್ಟು ಹೋಗುವುದು ತಪ್ಪುತ್ತದೆ. ನಾನು ಸದಸ್ಯನಾದಾಗ ಏಳು ತರಗತಿಗಳ ಶಾಲೆಯಲ್ಲಿ ಹನ್ನೊಂದು ಗಡಿಯಾರಗಳಿದ್ದವು. ಸರಿಯಾದ ಸಮಯ ತೋರಿಸುತ್ತಿದ್ದದ್ದು ಮುಖ್ಯ ಶಿಕ್ಷಕರ ಮೊಬೈಲು.

ದತ್ತಿನಿಧಿ ಎಂಬ ಹಳೆಯ ಪದ್ಧತಿಯನ್ನು ಇಂದಿನ ಸಮಿತಿಗಳು ಮರೆಯುತ್ತಿವೆ. ತಂದೆಯ ಅಥವಾ ತಾಯಿಯ ಹೆಸರಿನಲ್ಲಿ ಇಷ್ಟು ಹಣವನ್ನು ಬ್ಯಾಂಕಿನಲ್ಲಿ ಕಾಯಂ ಠೇವಣಿ ಇಟ್ಟು, ಅದರ ಬಡ್ಡಿಯಿಂದ ವರ್ಷಕ್ಕೊಮ್ಮೆ ಬಹುಮಾನವನ್ನೋ ಪುಸ್ತಕವನ್ನೋ ಕೊಡುವುದು ಇದರ ಕ್ರಮ. 10,000 ರೂಪಾಯಿಗೆ ಶೇ 7ರ ಬಡ್ಡಿ ಹಿಡಿದರೆ 700 ರೂಪಾಯಿ; ಮೊತ್ತ ಸಣ್ಣದು, ಆದರೆ ಕೊಟ್ಟವರು ಪ್ರತಿ ವರ್ಷ ಶಾಲೆಯ ಕಡೆ ಒಮ್ಮೆ ತಿರುಗಿ ನೋಡುತ್ತಾರೆ. ಠೇವಣಿಯ ರಸೀದಿಗಳು ಯಾರ ಬಳಿ ಇವೆ, ಯಾವಾಗ ಅವಧಿ ಮುಗಿಯುತ್ತದೆ ಎಂದು ಬರೆದಿಡದಿದ್ದರೆ ಮಾತ್ರ ಅವು ಬೀರುವಿನ ಕಾಗದಗಳ ನಡುವೆ ಸೇರಿಹೋಗುತ್ತವೆ.

ಕಾಂಪೌಂಡು, ಶೌಚಾಲಯ, ಆಟದ ಮೈದಾನದಂತಹ ದೊಡ್ಡ ಕೆಲಸಗಳಿಗೆ ದೇಣಿಗೆ ಎತ್ತುವುದು ಶ್ರಮದ ಅಪವ್ಯಯವೆಂದೇ ನನ್ನ ಅಭಿಪ್ರಾಯ. ಅವು ಸರ್ಕಾರದ, ಪಂಚಾಯತಿಯ ಕೆಲಸಗಳು. ಉದ್ಯೋಗ ಖಾತರಿ ಯೋಜನೆಯಡಿ ರಾಜ್ಯದ ಎಷ್ಟೋ ಶಾಲೆಗಳಿಗೆ ಆವರಣ ಗೋಡೆ, ಆಟದ ಮೈದಾನ ಆದದ್ದು ಗ್ರಾಮ ಪಂಚಾಯತಿಯ ಕ್ರಿಯಾಯೋಜನೆಯಲ್ಲಿ ಹೆಸರು ಸೇರಿಸಿದ್ದರಿಂದ. ಸೇರಿಸುವಂತೆ ಕೇಳಬೇಕಾದದ್ದು ಗ್ರಾಮಸಭೆಯಲ್ಲಿ, ಅದೂ ಬರವಣಿಗೆಯಲ್ಲಿ. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಹುಡುಗಿಯೊಬ್ಬಳು ಎದ್ದುನಿಂತು ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ ಎಂದಾಗ ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದ ಸಿಗುವ ಉತ್ತರ ಎಸ್‌ಡಿಎಂಸಿಯ ಐದು ಮನವಿಗಳಿಗೂ ಸಿಗದಷ್ಟು ಬೇಗ ಸಿಗುತ್ತದೆ. ಸಮಿತಿ ತಯಾರಿಸಬೇಕಾದ ಶಾಲಾಭಿವೃದ್ಧಿ ಯೋಜನೆಗೆ ಬೆಲೆ ಬರುವುದು ಇಲ್ಲಿಯೇ. ಆ ಯೋಜನೆಯೇ ಸರ್ಕಾರದ ಯೋಜನೆಗಳಿಗೂ ಅನುದಾನಗಳಿಗೂ ಆಧಾರವಾಗಬೇಕು ಎನ್ನುತ್ತದೆ ಕಾಯ್ದೆಯ 22ನೇ ಸೆಕ್ಷನ್. ಆದರೆ ಬಹಳ ಕಡೆ ಅದು ಹಿಂದಿನ ವರ್ಷದ್ದರ ದಿನಾಂಕ ತಿದ್ದಿದ ನಕಲಾಗಿರುತ್ತದೆ.

ಹಣ ಕೂಡಿಸುವುದರಲ್ಲಿ ಸಮಿತಿಗಳು ಎಡವುವ ದೊಡ್ಡ ಜಾಗ ಪ್ರತಿ ತಿಂಗಳೂ ಬರುವ ಖರ್ಚು. ಮಕ್ಕಳ ಸಂಖ್ಯೆ ಕುಸಿಯದಿರಲೆಂದು ಕರಾವಳಿಯ ಮತ್ತು ಬೇರೆ ಜಿಲ್ಲೆಗಳ ಹಲವು ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿ ಮತ್ತು ಹಳೆ ವಿದ್ಯಾರ್ಥಿಗಳು ಸೇರಿ ಎಲ್‌ಕೆಜಿ, ಯುಕೆಜಿ ನಡೆಸುತ್ತಾರೆ, ವಾಹನ ಓಡಿಸುತ್ತಾರೆ, ಶಿಕ್ಷಕಿಯರಿಗೆ ಗೌರವಧನ ಕೊಡುತ್ತಾರೆ. ಇದರಿಂದ ಉಳಿದುಕೊಂಡ ಶಾಲೆಗಳಿವೆ. ಆದರೆ ಬೀರು ಒಮ್ಮೆ ಕೊಂಡರೆ ಮುಗಿಯಿತು, ಗೌರವಧನ ಒಮ್ಮೆ ಶುರುವಾದರೆ ಮುಗಿಯುವುದಿಲ್ಲ. ನಮ್ಮ ಸಮಿತಿ ಮೊದಲ ವರ್ಷದ ಉತ್ಸಾಹದಲ್ಲಿ ಒಬ್ಬ ಶಿಕ್ಷಕಿಯನ್ನು ನೇಮಿಸಿಕೊಂಡಿತು. ಒಬ್ಬ ದಾನಿ ವರ್ಷದ ಸಂಬಳ ಪೂರ್ತಿ ಕೊಟ್ಟಿದ್ದರು. ಎರಡನೇ ವರ್ಷ ಅರ್ಧ ಕೊಟ್ಟರು. ಮೂರನೇ ವರ್ಷ ಅವರ ಫೋನು ಸ್ವಿಚ್ ಆಫ್ ಆಗಿತ್ತು. ಆ ಶಿಕ್ಷಕಿಗೆ ಮೂರು ತಿಂಗಳ ಗೌರವಧನ ಬಾಕಿ ಉಳಿಯಿತು, ಅವರು ಒಂದು ದಿನವೂ ತರಗತಿ ತಪ್ಪಿಸಲಿಲ್ಲ, ನಾವು ಆ ಮೂರು ತಿಂಗಳು ಅವರ ಮುಖ ನೋಡಿ ಮಾತಾಡುವುದನ್ನು ತಪ್ಪಿಸಿಕೊಂಡೆವು. ಒಂದು ವರ್ಷದ ಗೌರವಧನ ಮುಂಗಡವಾಗಿ ಖಾತೆಯಲ್ಲಿ ಇಲ್ಲದೆ ನೇಮಕದ ಠರಾವು ಮಾಡಬಾರದು ಎಂಬ ನಿಯಮ ನಮಗೆ ಹೊಳೆದದ್ದು ಆಮೇಲೆ.

ಹಣ ಬಂದ ಮೇಲಿನ ದಾರಿ ನೀರಸವಾದದ್ದು, ಆದರೂ ಅದನ್ನು ಒಂದು ಸಲ ಹಿಂಬಾಲಿಸಬೇಕು. ಬಂದ ಪ್ರತಿ ರೂಪಾಯಿಗೂ ಕ್ರಮಸಂಖ್ಯೆ ಇರುವ ರಸೀದಿ, ಅದರ ಪ್ರತಿ ಪುಸ್ತಕದಲ್ಲೇ ಉಳಿಯಬೇಕು. ನಗದನ್ನು ಯಾರ ಮನೆಗೂ ಒಯ್ಯದೆ ಅಧ್ಯಕ್ಷರು ಮತ್ತು ಮುಖ್ಯ ಶಿಕ್ಷಕರ ಜಂಟಿ ಖಾತೆಗೆ ಕಟ್ಟಬೇಕು. ಅನುದಾನದ ಖಾತೆ, ದೇಣಿಗೆಯ ಖಾತೆ ಬೇರೆ ಬೇರೆ ಇದ್ದರೆ ಲೆಕ್ಕ ಕಲಸಿಹೋಗುವುದಿಲ್ಲ. ಖರ್ಚಿಗೆ ಮೊದಲು ಸಭೆಯ ಠರಾವು, ಖರ್ಚಾದ ಮೇಲೆ ವೋಚರು ಮತ್ತು ಬಿಲ್ಲು, ನಗದು ಪುಸ್ತಕದಲ್ಲಿ ಅದೇ ದಿನ ನಮೂದು, ವಸ್ತು ಬಂದಿದ್ದರೆ ದಾಸ್ತಾನು ಪುಸ್ತಕದಲ್ಲಿ ಇನ್ನೊಂದು ನಮೂದು, ಅನುದಾನವಾಗಿದ್ದರೆ ವರ್ಷದ ಕೊನೆಗೆ ಹಣ ಬಳಕೆ ಪ್ರಮಾಣಪತ್ರ. ಇದರಲ್ಲಿ ಜನ ಬಿಟ್ಟುಬಿಡುವುದು ದಾಸ್ತಾನು ಪುಸ್ತಕವನ್ನು. ವಸ್ತುರೂಪದ ದೇಣಿಗೆಗೆ ರಸೀದಿಯೂ ಇರುವುದಿಲ್ಲ, ದಾಸ್ತಾನಿನಲ್ಲಿ ನಮೂದೂ ಇರುವುದಿಲ್ಲವಾದ್ದರಿಂದ, ಐವತ್ತು ತಟ್ಟೆ ಬಂದದ್ದು ಎಲ್ಲರಿಗೂ ನೆನಪಿರುತ್ತದೆ, ಮೂವತ್ತೆರಡು ಉಳಿದದ್ದು ಹೇಗೆಂದು ಯಾರಿಗೂ ತಿಳಿಯುವುದಿಲ್ಲ.

ಇಷ್ಟೂ ಪುಸ್ತಕಗಳು ಸರಿಯಾಗಿದ್ದು ಬೀರುವಿನಲ್ಲಿ ಬೀಗ ಹಾಕಿಕೊಂಡು ಕುಳಿತಿದ್ದರೆ ಊರಿಗೆ ಆದ ಪ್ರಯೋಜನವೇನು? ನಡಾವಳಿ ಪುಸ್ತಕದ ಸ್ಥಿತಿಯನ್ನೇ ನೋಡಿ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಸಭೆ. ಹಾಜರಾದವರು ಆರು ಜನ, ಕೋರಂಗೆ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಾತಿಗೆ, ಸಾಲದು. ಪುಸ್ತಕವನ್ನು ಹುಡುಗನೊಬ್ಬನ ಕೈಯಲ್ಲಿ ಕೊಟ್ಟು ಮನೆಮನೆಗೆ ಕಳಿಸಿ ಸಹಿ ತರಿಸುವುದು, ಬರೆಯುವುದನ್ನು ಆಮೇಲೆ ಬರೆಯುವುದು ಹಲವು ಕಡೆ ನಡೆದುಬಂದ ಪದ್ಧತಿ. ನಮ್ಮಲ್ಲಿ ಹೀಗೆ ಹೋದ ಪುಸ್ತಕ ಒಂದು ದಿನ ಒಬ್ಬ ಸದಸ್ಯೆಯ ಮನೆಯಿಂದ ಸಹಿಯಿಲ್ಲದೆ ಹಿಂತಿರುಗಿತು. ಸೋಮವಾರ ಆಕೆಯೇ ಶಾಲೆಗೆ ಬಂದು, “ಸಾರ್, ಖಾಲಿ ಹಾಳೆ ಕೆಳಗೆ ಹೆಬ್ಬೆಟ್ಟು ಒತ್ತಿ ನಮ್ಮಪ್ಪ ಹೊಲ ಕಳಕೊಂಡ. ಏನು ಬರೀತೀರೋ ಬರೀರಿ, ಓದಿ ಹೇಳಿ, ಆಮೇಲೆ ಒತ್ತುತೀನಿ” ಎಂದರು. ಮುಖ್ಯ ಶಿಕ್ಷಕರು ಒಳ್ಳೆಯವರು, ತಪ್ಪು ತಿಳಿಯಲಿಲ್ಲ. ಅಂದಿನಿಂದ ಸಭೆ ಮುಗಿಯುವ ಮೊದಲು ನಡಾವಳಿಯನ್ನು ಗಟ್ಟಿಯಾಗಿ ಓದುವ ರೂಢಿ ಬಂತು. ಸಭೆಯ ಹೊತ್ತನ್ನೂ ಕೂಲಿ ಬಿಡುವ ಸಮಯಕ್ಕೆ ಬದಲಿಸಿದ್ದರಿಂದ ಆರು ಜನರ ಸಭೆ ಹದಿಮೂರು ಜನರ ಸಭೆಯಾಯಿತು.

ಊರಿಗೆ ವರದಿ ಒಪ್ಪಿಸಲು ಇಲಾಖೆಯೇ ಹಾಕಿಕೊಟ್ಟ ಒಂದು ಒಳ್ಳೆಯ ದಾರಿ ‘ಸಮುದಾಯದತ್ತ ಶಾಲೆ’. ಪೋಷಕರನ್ನು ಕರೆದು, ಮಕ್ಕಳು ಕಲಿತದ್ದನ್ನು ಅವರ ಮುಂದೆಯೇ ತೋರಿಸಿ, ಪ್ರಗತಿಪತ್ರ ಕೊಟ್ಟು, ಶಾಲೆಯ ಸ್ಥಿತಿಗತಿಯನ್ನು ಚರ್ಚಿಸುವುದು ಅದರ ಉದ್ದೇಶ. ಮಗು ಎದ್ದುನಿಂತು ಪಾಠ ಓದುವಾಗ ತಾಯಿಯ ಮುಖದಲ್ಲಿ ಕಾಣುವ ಭಾವಕ್ಕೆ ಯಾವ ವರದಿಯೂ ಸಾಟಿಯಲ್ಲ. ಓದಲಾಗದೆ ನಿಂತ ಮಗುವಿನ ತಾಯಿಯ ಮುಖವನ್ನೂ ಅಲ್ಲೇ ನೋಡಬೇಕಾಗುತ್ತದೆ. ಹಾಗಾಗಿ ಎಲ್ಲರೆದುರು ಓದಿಸುವುದು ಯಾರನ್ನು, ಪಕ್ಕಕ್ಕೆ ಕರೆದು ಮಾತಾಡುವುದು ಯಾರ ಬಗ್ಗೆ ಎಂಬ ವಿವೇಕ ಶಿಕ್ಷಕರಿಗೂ ಸಮಿತಿಗೂ ಬೇಕು. ಮಗುವಿನ ಅಂಕ ಅದರ ಮನೆಯವರಿಗೆ ಸೇರಿದ ಸುದ್ದಿ. ಶಾಲೆಯಲ್ಲಿ ಎಷ್ಟು ಶಿಕ್ಷಕರ ಹುದ್ದೆ ಖಾಲಿ, ಮೂರನೇ ತರಗತಿಯಲ್ಲಿ ಸರಾಗವಾಗಿ ಓದಬಲ್ಲವರೆಷ್ಟು, ಖಾತೆಯಲ್ಲಿ ಎಷ್ಟು ಹಣ ಎಂಬುದು ಇಡೀ ಊರಿಗೆ ಸೇರಿದ ಸುದ್ದಿ. ವಾಟ್ಸ್‌ಆ್ಯಪ್ ಗುಂಪುಗಳು ಬಂದ ಮೇಲೆ ಇವೆರಡೂ ಅದಲುಬದಲಾಗಿವೆ: ಅಂಕಪಟ್ಟಿಯ ಫೋಟೊ ಗುಂಪಿಗೆ ಬರುತ್ತದೆ, ಖಾತೆಯ ಶಿಲ್ಕು ಬರುವುದಿಲ್ಲ. ಗುಂಪಿನಲ್ಲಿರುವ ನಂಬರು ಬಹುಪಾಲು ಅಪ್ಪಂದಿರದು, ಅವರು ಕೆಲಸದ ಮೇಲೆ ಬೇರೆ ಊರಿನಲ್ಲಿರುತ್ತಾರೆ, ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವ ಅಮ್ಮನಿಗೋ ಅಜ್ಜಿಗೋ ಸುದ್ದಿ ಮುಟ್ಟುವುದಿಲ್ಲ. ಶುಭೋದಯದ ಹೂಗಳ ನಡುವೆ ನಾಳೆಯ ಸಭೆಯ ಸೂಚನೆ ಕಳೆದುಹೋಗುವುದು ಬೇರೆ.

ಇದಕ್ಕೆಲ್ಲ ನಾವು ಕಂಡುಕೊಂಡ ಉಪಾಯ ಹಳೆಯದೇ. ಶಾಲೆಯ ಜಗಲಿಯಲ್ಲಿ, ಬಿಸಿಯೂಟದ ಹಾಜರಿ ಬರೆಯುವ ಹಲಗೆಯ ಪಕ್ಕದಲ್ಲಿ, ಇನ್ನೊಂದು ಕಪ್ಪು ಹಲಗೆ ಹಾಕಿಸಿದೆವು. ತಿಂಗಳ ಮೊದಲ ವಾರ ಅದರ ಮೇಲೆ ನಾಲ್ಕು ಸಾಲು: ಹಿಂದಿನ ಶಿಲ್ಕು, ಬಂದದ್ದು, ಹೋದದ್ದು, ಉಳಿದದ್ದು. ಕೆಳಗೆ ಖರ್ಚಿನ ವಿವರ. ದಾನಿಗಳ ಹೆಸರು ಬರೆದೆವು, ಮೊತ್ತ ಬರೆಯಲಿಲ್ಲ. ಪೋಷಕರು ಕೊಟ್ಟ ವಂತಿಗೆಯನ್ನು ಹೆಸರಿಲ್ಲದೆ ಒಟ್ಟು ಮೊತ್ತವಾಗಿ ಬರೆದೆವು, ಹತ್ತು ರೂಪಾಯಿ ಕೊಟ್ಟವರಿಗೂ ಏನೂ ಕೊಡಲಾಗದವರಿಗೂ ಆ ಹಲಗೆಯ ಮುಂದೆ ಮುಜುಗರ ಆಗಬಾರದೆಂದು. ಬರೆಯುವ ಕೆಲಸ ಏಳನೇ ತರಗತಿಯ ಮಕ್ಕಳದು. ಕೂಡಿ ಕಳೆಯುವಲ್ಲಿ ಒಮ್ಮೆ ಅವರು ನಮ್ಮ ಲೆಕ್ಕದ ತಪ್ಪನ್ನೇ ಹಿಡಿದರು: ನಗದು ಪುಸ್ತಕದಲ್ಲಿ ಖರ್ಚು 40 ರೂಪಾಯಿ ಹೆಚ್ಚಿತ್ತು, ಆಟೊ ಬಾಡಿಗೆಯ ವೋಚರು ಎರಡು ಸಲ ನಮೂದಾಗಿತ್ತು. ಹಲಗೆ ಬಂದ ವರ್ಷ ದೇಣಿಗೆ ದಿಢೀರನೆ ಏರಿತೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಕೇಳುವ ರೀತಿ ಬದಲಾಯಿತು. ಮೊದಲೆಲ್ಲ “ಇವರಿಗೆ ಕೊಟ್ಟ ದುಡ್ಡು ಏನಾಯ್ತು?” ಎಂದು ಅರಳಿಕಟ್ಟೆಯಲ್ಲಿ ಕೇಳುತ್ತಿದ್ದವರು ಜಗಲಿಗೇ ಬಂದು, “ಮೋಟರಿಗೆ ಹೋದ ಸಲವೂ ಖರ್ಚು ಹಾಕಿದ್ದೀರಲ್ಲ, ಹೊಸದೇ ಕೊಂಡರೆ ಅಗ್ಗವಾಗುತ್ತಿರಲಿಲ್ಲವೆ?” ಎಂದು ಕೇಳತೊಡಗಿದರು. ಹಾಗೆ ಕೇಳಿದವರಲ್ಲೊಬ್ಬರು ತಮ್ಮ ಅಂಗಡಿಯಿಂದ ಮೋಟರನ್ನು ಕೊಂಡ ಬೆಲೆಗೆ ಕೊಟ್ಟರು.

ಅವಧಿ ಮುಗಿದಾಗ ಅಥವಾ ಮಗು ಶಾಲೆ ಬಿಟ್ಟಾಗ ಪೋಷಕರ ಸದಸ್ಯತ್ವವೂ ಮುಗಿಯುತ್ತದೆ. ಮೂರು ವರ್ಷಕ್ಕೊಮ್ಮೆ ಹೊಸ ಸಮಿತಿ ಬರುವಾಗ ಏನನ್ನು ಯಾರಿಗೆ ಒಪ್ಪಿಸಲಾಯಿತು ಎಂಬ ಒಂದು ಹಾಳೆಯ ಪಟ್ಟಿ ಇರಬೇಕಾದದ್ದು ಸಹಜ: ಪಾಸ್‌ಬುಕ್‌ಗಳು, ಅವುಗಳ ಶಿಲ್ಕು, ಠೇವಣಿ ರಸೀದಿಗಳು, ನಡಾವಳಿ, ನಗದು ಮತ್ತು ದಾಸ್ತಾನು ಪುಸ್ತಕಗಳು, ಮುಗಿದ ಮತ್ತು ಮುಗಿಯದ ರಸೀದಿ ಪುಸ್ತಕಗಳು, ಕೊಡಬೇಕಾದ ಬಾಕಿ. ನಮಗೆ ಅಂತಹ ಪಟ್ಟಿ ಸಿಕ್ಕಿರಲಿಲ್ಲ. ಸಿಕ್ಕಿದ್ದು ತುಕ್ಕು ಹಿಡಿದ ಒಂದು ಟ್ರಂಕು, ಅದರೊಳಗೆ ಸಹಿಗಳಷ್ಟೇ ಇದ್ದ ನಡಾವಳಿ ಪುಸ್ತಕ, ಒಂದು ರಸೀದಿ ಪುಸ್ತಕ. ಆ ರಸೀದಿ ಪುಸ್ತಕದಲ್ಲಿ 31ರಿಂದ 50ರವರೆಗಿನ ಹಾಳೆಗಳು ಪ್ರತಿಯ ಸಮೇತ ಇರಲಿಲ್ಲ. ಹೋಗಲಿ ಬಿಡಿ, ಹಳೆಯದನ್ನು ಕೆದಕುವುದೇಕೆ ಎಂದು ಕೆಲವರು ಹೇಳಿದರು. ನಾವು ಯಾರ ಮೇಲೂ ದೂರು ಬರೆಯಲಿಲ್ಲ. ಮೊದಲ ಸಭೆಯ ನಡಾವಳಿಯ ಮೊದಲ ಸಾಲಾಗಿ, ‘ರಸೀದಿ ಸಂಖ್ಯೆ 31ರಿಂದ 50 ಲಭ್ಯವಿಲ್ಲ’ ಎಂದು ಬರೆದು, ಹದಿನೆಂಟು ಜನವೂ ಅದನ್ನು ಓದಿಸಿ ಕೇಳಿ ಸಹಿ ಮಾಡಿದೆವು.